ಗಾಡಿ ನಿಧಾನವಾಗುವ ಜಾಗ

ಸಿಡ್ನಿಯಲ್ಲಿ ಹಣ, ಚಿನ್ನ ಸಾಗಿಸುವ ಗಾಡಿಗಳಿಗೆ ರೂಟ್ ಹಾಕುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವುದು ಗನ್ ಬಗ್ಗೆ, ಇಲ್ಲವೇ ಗಾಡಿಯ ಗಾಜು ಎಷ್ಟು ದಪ್ಪ ಅಂತ. ಅದಕ್ಕೆಲ್ಲ ಉತ್ತರ ಹೇಳುವ ಮೊದಲು ನಾನು ಅವರಿಗೆ ಇದೇ ನ್ಯೂ ಸೌತ್ ವೇಲ್ಸ್ ರಾಜ್ಯದ ಯೂಗೌರ ಎಂಬಲ್ಲಿ ನಡೆದ ಚಿನ್ನದ ದರೋಡೆಯ ವಿಷಯ ಹೇಳುತ್ತೇನೆ.

ಅದು ನಡೆದದ್ದು 1862ರ ಜೂನ್ 15ರಂದು, ಭಾನುವಾರ. ಫೋರ್ಬ್ಸ್ ಎಂಬ ಊರಿನಲ್ಲಿ ಚಿನ್ನ ಸಿಕ್ಕು ಆಗ ಸುಮಾರು ಒಂದು ವರ್ಷವಾಗಿತ್ತು. ಅಲ್ಲಿನ ಚಿನ್ನವನ್ನು ಕುದುರೆ ಕೋಚಿನಲ್ಲಿ ಆರೆಂಜ್ ಊರಿನ ಕಡೆಗೆ ಒಯ್ಯುತ್ತಿದ್ದರು. ಒಳಗೆ 2,700 ಔನ್ಸ್ ಆಸುಪಾಸಿನ ಚಿನ್ನ, 3,700 ಪೌಂಡ್ ನಗದು. ಎಲ್ಲ ಸೇರಿ ಸುಮಾರು 14,000 ಪೌಂಡ್. ಕಾವಲಿಗೆ ನಾಲ್ವರು ಪೊಲೀಸರು. ಸಾರ್ಜೆಂಟ್ ಕಾಂಡೆಲ್ ಮುಂದೆ, ಕೋಚ್ ಓಡಿಸುವ ಫೇಗನ್ ಪಕ್ಕದಲ್ಲಿ ಕೂತಿದ್ದರು. ಉಳಿದ ಮೂವರು ಒಳಗೆ. ಎಲ್ಲರ ಕೈಯಲ್ಲೂ ಆಯುಧ ಇತ್ತು.

ಯೂಗೌರ ಹತ್ತಿರ ದೊಡ್ಡ ಬಂಡೆಗಳ ಪಕ್ಕದಲ್ಲೇ ರಸ್ತೆ ಹೋಗುತ್ತದೆ. ಅಲ್ಲಿ ದಾರಿಗೆ ಅಡ್ಡವಾಗಿ ಎತ್ತಿನ ಬಂಡಿಗಳು ನಿಂತಿದ್ದವು. ಸಾಮಾನು ಹೊತ್ತ ಬಂಡಿಗಳು ಆ ದಾರಿಯಲ್ಲಿ ದಿನಾ ಕಾಣುವಂಥವೇ. ಹಾಗಾಗಿ ಫೇಗನ್ ಕುದುರೆಗಳನ್ನು ನಿಧಾನ ಮಾಡಿ, ಪಕ್ಕಕ್ಕೆ ತಿರುಗಿಸಿದ. ಮುಖಕ್ಕೆ ಮಸಿ ಬಳಿದುಕೊಂಡು ಬಂಡೆಗಳ ಹಿಂದೆ ಕೂತಿದ್ದ ಫ್ರ್ಯಾಂಕ್ ಗಾರ್ಡಿನರ್‌ನ ತಂಡ ಗುಂಡು ಹಾರಿಸಿದ್ದು ಆಗಲೇ. ಕಾಂಡೆಲ್‌ಗೂ ಕಾನ್‌ಸ್ಟೇಬಲ್ ಮೊರಾನ್‌ಗೂ ಗುಂಡು ತಗುಲಿತು. ಕುದುರೆಗಳು ಬೆದರಿ ಓಡಿ ಕೋಚ್ ಮಗುಚಿತು. ಬಂಡಿಯವರು ತಾವಾಗೇ ಬಂಡಿಗಳನ್ನು ಅಡ್ಡ ನಿಲ್ಲಿಸಿರಲಿಲ್ಲ. ದರೋಡೆಕೋರರು ಅವರನ್ನು ಹೆದರಿಸಿ ನಿಲ್ಲಿಸಿದ್ದರು.

ಇದು ಮೊದಲ ಸಲವೂ ಅಲ್ಲ. 1853ರ ಜುಲೈನಲ್ಲಿ ವಿಕ್ಟೋರಿಯಾದ ಮ್ಯಾಕ್‌ಐವರ್ ಗಣಿಯಿಂದ ಹೊರಟ ಚಿನ್ನಕ್ಕೂ ಇದೇ ಗತಿ. ಅಲ್ಲಿ ಎತ್ತಿನ ಬಂಡಿ ಬದಲು ಮರದ ದಿಮ್ಮಿ, ಬಂಡೆಯ ಬದಲು ಕೊಂಬೆ ರೆಂಬೆಗಳ ಮರೆ.

ಎರಡು ಕಡೆಯೂ ಕಾವಲಿನವರು ಸೋತಿದ್ದು ಗುಂಡು ಹಾರುವ ಮೊದಲೇ, ಗಾಡಿ ನಿಧಾನವಾದಾಗ. ಹಾಗಾಗಿ ನಾನು ರೂಟ್ ಹಾಕುವಾಗ ಮೊದಲು ಹುಡುಕುವುದು ಗಾಡಿ ತಾನಾಗೇ ನಿಧಾನವಾಗುವ ಜಾಗಗಳನ್ನು: ಕಿರಿದಾದ ಗೇಟು, ಲೋಡಿಂಗ್ ಜಾಗಕ್ಕೆ ಇಳಿಯುವ ತಿರುವು, ರಿಪೇರಿ ನಡೆಯುತ್ತಿರುವ ರಸ್ತೆ. ಮುಂದೆ ಏನಾದರೂ ಅಡ್ಡ ಇದ್ದರೆ ಹತ್ತಿರ ಹೋಗಿ ನೋಡುವಂತಿಲ್ಲ. ದೂರದಿಂದಲೇ ಬೇರೆ ದಾರಿ ಹಿಡಿಯಬೇಕು. ಲಾರಿ ಕೆಟ್ಟು ನಿಂತಿದೆ ಅಷ್ಟೇ, ಸುಮ್ನೆ ಯಾಕೆ ಸುತ್ತಾಡೋದು ಅಂತ ಡ್ರೈವರ್‌ಗಳು ಕೇಳುತ್ತಾರೆ. ಫೇಗನ್‌ಗೂ ಅಲ್ಲಿ ಕಂಡಿದ್ದು ಬರೀ ಎತ್ತಿನ ಬಂಡಿ, ಅಲ್ವಾ?

ಮುಂದಿನದು ಪೊಲೀಸ್ ಕಥೆ. ಅರ್ಧದಷ್ಟು ಚಿನ್ನ ವಾಪಸ್ ಸಿಕ್ಕಿತು. ತಂಡದಲ್ಲಿದ್ದ ಹೆನ್ರಿ ಮ್ಯಾನ್ಸ್ ಎಂಬುವವನನ್ನು 1863ರಲ್ಲಿ ಗಲ್ಲಿಗೇರಿಸಿದರು. ಗಾರ್ಡಿನರ್ ಕ್ವೀನ್ಸ್‌ಲ್ಯಾಂಡಿಗೆ ಓಡಿ ಅಂಗಡಿ ಇಟ್ಟುಕೊಂಡಿದ್ದ, 1864ರಲ್ಲಿ ಸಿಕ್ಕಿಬಿದ್ದ. ಅವನನ್ನು ಶೂರನಂತೆ ಹೊಗಳುವವರು ಇಲ್ಲಿ ಈಗಲೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಸಂಬಳಕ್ಕೆ ದುಡಿಯುವವರ ಮೇಲೆ ಮರೆಯಿಂದ ಗುಂಡು ಹಾರಿಸುವುದರಲ್ಲಿ ಶೌರ್ಯ ಎಲ್ಲಿದೆ?

ನಾನು ತಪ್ಪದೆ ಹೇಳುವುದು ಕಾನ್‌ಸ್ಟೇಬಲ್ ಹ್ಯಾವಿಲೆಂಡ್ ವಿಷಯ. ದರೋಡೆಯಲ್ಲಿ ಆತ ಬದುಕಿ ಉಳಿದಿದ್ದ. ಎಲ್ಲ ಮುಗಿದ ಮೇಲೆ, ಕೋಚಿನಲ್ಲಿ ಆರೆಂಜ್ ತಲುಪುವ ಹೊತ್ತಿಗೆ ಅವನದೇ ರಿವಾಲ್ವರ್ ಆಕಸ್ಮಿಕವಾಗಿ ಹಾರಿ ಸತ್ತುಹೋದ. ಅಂಥ ಗಾಬರಿಯ ನಂತರವೂ ತುಂಬಿದ ಗನ್ ಅದೇ ಕೋಚಿನಲ್ಲಿ ಇತ್ತು.

ಅದಕ್ಕೇ ನಮ್ಮಲ್ಲಿ ಏನಾದರೂ ನಡೆದರೆ, ಸಣ್ಣದಾಗಿರಲಿ ದೊಡ್ಡದಾಗಿರಲಿ, ಮೊದಲು ಸಿಬ್ಬಂದಿಯ ಗನ್ ಇಸಿದುಕೊಂಡು ಖಾಲಿ ಮಾಡುತ್ತೇವೆ. ಗಾಡಿಯನ್ನು ಬೇರೆಯವರು ತರುತ್ತಾರೆ. ಆ ಸಿಬ್ಬಂದಿಯನ್ನು ಮನೆಗೆ ಬಿಟ್ಟು ಬರುತ್ತೇವೆ. ಅರ್ಧ ದಿನದ ರೂಟ್ ಹಾಳಾಯಿತು ಅಂತ ಗೊಣಗುವವರಿದ್ದಾರೆ. ಹಾಳಾಗಲಿ.