ಹಿಡಿಕೆಯಿಲ್ಲದ ಪಂಪು

ಲೀಡ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಲು ಬಂದು ನಾಲ್ಕು ತಿಂಗಳಾಗಿತ್ತು. ಲಂಡನ್ ನೋಡುತ್ತಿದ್ದುದು ಅದೇ ಮೊದಲು. ಕಿಂಗ್ಸ್ ಕ್ರಾಸ್‌ನಲ್ಲಿ ರೈಲಿಳಿದಾಗ ನನ್ನ ತಲೆಯಲ್ಲಿದ್ದದ್ದು ಥೇಮ್ಸ್ ನದಿ, ಬಿಗ್ ಬೆನ್, ಟವರ್ ಬ್ರಿಡ್ಜ್. ಅಧ್ಯಾಪಕಿ ನಮ್ಮನ್ನು ಕರೆದೊಯ್ದದ್ದು ಮಾತ್ರ ಸೋಹೋದ ಬ್ರಾಡ್ವಿಕ್ ಸ್ಟ್ರೀಟಿಗೆ. ಅಲ್ಲಿ ಒಂದು ಪಬ್ಬಿನ ಹೊರಗೆ ಕಪ್ಪು ಕೈಪಂಪು ನಿಂತಿದೆ. ಅದಕ್ಕೆ ಹಿಡಿಕೆಯೇ ಇಲ್ಲ.

ಆಗ ಆ ಬೀದಿಯ ಹೆಸರು ಬ್ರಾಡ್ ಸ್ಟ್ರೀಟ್. 1854ರ ಆಗಸ್ಟ್ 31ರ ರಾತ್ರಿ ಅಲ್ಲಿ ಕಾಲರಾ ಎರಗಿತು, ಸತ್ತವರು 600ಕ್ಕೂ ಹೆಚ್ಚು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋಗಿ ನೀರು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಿದರು. ರೋಗ ಹರಡುತ್ತಿರುವುದು ಈ ಪಂಪಿನ ನೀರಿನಿಂದ ಎಂಬ ಅವರ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ಕಳಚಿದರು. ಇಷ್ಟನ್ನು ತರಗತಿಯಲ್ಲಿ ಓದಿದ್ದೆವು. ಆ ಸಾವುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿಯೂ ಆಗಿತ್ತು.

ಅಧ್ಯಾಪಕಿ ಒಬ್ಬೊಬ್ಬರ ಕೈಗೂ ಒಂದೊಂದು ವಿಳಾಸದ ಚೀಟಿ ಕೊಟ್ಟು, ಪಂಪಿನಿಂದ ಅಲ್ಲಿಯವರೆಗೆ ನಡೆದು ಬನ್ನಿ ಎಂದರು. ನನಗೆ ಸಿಕ್ಕಿದ್ದು ಪೋಲೆಂಡ್ ಸ್ಟ್ರೀಟಿನ ಹಳೆಯ ದುಡಿಮೆಮನೆ, ಅಂದರೆ ಬಡವರಿಗೆ ಆಸರೆ ಕೊಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್. ಆಗ ಅಲ್ಲಿದ್ದವರು 535 ಜನ, ಕಾಲರಾದಿಂದ ಸತ್ತವರು ಐದೇ ಮಂದಿ. ಅವರಿಗೆ ಬೇರೆ ಬಾವಿಯಿತ್ತು. ನಡೆದರೆ ಎರಡು ಮೂರು ನಿಮಿಷ, ಅಷ್ಟೇ. ಅಷ್ಟು ಹತ್ತಿರದಲ್ಲಿ ಒಂದು ಕಡೆ ಮನೆಮನೆಯಲ್ಲೂ ಹೆಣ, ಇನ್ನೊಂದು ಕಡೆ ನೂರಾರು ಬಡವರು ಕ್ಷೇಮ. ಓದುವಾಗ ಇದು ಬರೀ ಪುರಾವೆಯಾಗಿತ್ತು, ಆ ಬೀದಿಯಲ್ಲಿ ನಿಂತಾಗ ಮೈ ಜುಂ ಎಂದಿತು.

ಎಲ್ಲರೂ ಮರಳಿದ ಮೇಲೆ ಅಧ್ಯಾಪಕಿ ತಮ್ಮ ಚೀಟಿ ಓದಿದರು: 40, ಬ್ರಾಡ್ ಸ್ಟ್ರೀಟ್. ಪಂಪಿನ ಎದುರಿಗೇ ಇದ್ದ ಮನೆ. ಐದು ತಿಂಗಳ ಹೆಣ್ಣು ಕೂಸಿಗೆ ಭೇದಿ ಹಿಡಿದಿತ್ತು. ತಾಯಿ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿದಳು. ಗುಂಡಿಗೂ ಪಂಪಿನ ಬಾವಿಗೂ ನಡುವೆ ಮೂರಡಿಯೂ ಅಂತರವಿರಲಿಲ್ಲ. ಇದನ್ನು ಪತ್ತೆಮಾಡಿದವರು ಅಲ್ಲಿಯ ಪಾದ್ರಿ ಹೆನ್ರಿ ವೈಟ್‌ಹೆಡ್. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಹೊರಟು, ವಿಚಾರಿಸುತ್ತ ವಿಚಾರಿಸುತ್ತ ತಾವೇ ಒಪ್ಪಿಕೊಂಡವರು. ನನಗಂತೂ ಸ್ನೋಗಿಂತ ಅವರ ಮೇಲೆಯೇ ಹೆಚ್ಚು ಅಭಿಮಾನ ಹುಟ್ಟಿತು. ಆ ಬೀದಿಯವರ ಹೆಸರು, ಮನೆ, ಸಂಕಟ ಎಲ್ಲ ಅವರಿಗೆ ಗೊತ್ತಿತ್ತು.

ಕೂಸು ಸೆಪ್ಟೆಂಬರ್ 2ರಂದು ತೀರಿಕೊಂಡಿತು. ಪಂಪಿನ ಹಿಡಿಕೆ ಕಳಚಿದ ದಿನವೇ ಅದರ ತಂದೆಗೂ ಕಾಲರಾ ಬಂತು. ತಾಯಿ ಮತ್ತೆ ಅದೇ ಗುಂಡಿಗೆ ನೀರು ಸುರಿದಳು. ಆ ಹೊತ್ತಿಗೆ ರೋಗ ತಾನಾಗಿಯೇ ಇಳಿಯತೊಡಗಿತ್ತು, ನಿಜ. ಆದರೆ ಹಿಡಿಕೆ ಹಾಗೇ ಇದ್ದಿದ್ದರೆ ಎರಡನೆಯ ಸುತ್ತು ಶುರುವಾಗುತ್ತಿತ್ತೇನೋ. ಆ ಹೆಂಗಸು ಗಂಡನನ್ನೂ ಕಳೆದುಕೊಂಡಳು. ಅವಳು ಮಾಡಿದ್ದು ಕಾಯಿಲೆಯವರ ಬಟ್ಟೆ ಒಗೆದದ್ದು ಮಾತ್ರ.

ಮಧ್ಯಾಹ್ನದ ಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆಗೂ ಹೋದೆವು. ಫೋಟೋ ತೆಗೆದೆ. ಬಿಗ್ ಬೆನ್ ಚೆನ್ನಾಗಿಯೇ ಇತ್ತು.

ವಾಪಸು ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಸ್ನೋ ತಮ್ಮ ನಕ್ಷೆಯಲ್ಲಿ ಪ್ರತಿ ಸಾವಿಗೂ ಒಂದೊಂದು ಕಪ್ಪು ಗೆರೆ ಎಳೆದು, ಮನೆಯ ಮುಂದೆ ಒಂದರ ಪಕ್ಕ ಒಂದು ಜೋಡಿಸಿದ್ದರು. ನಾನು ನೋಡಲು ಅಚ್ಚುಕಟ್ಟಾಗಲೆಂದು ಒಂದು ವಿಳಾಸದ ಸಾವುಗಳನ್ನೆಲ್ಲ ಒಂದೇ ಚುಕ್ಕೆಗೆ ಕೂಡಿಸಿಬಿಟ್ಟಿದ್ದೆ. 40ನೇ ನಂಬರಿನ ಚುಕ್ಕೆ ಅಳಿಸಿದೆ. ಕೂಸಿಗೆ ಒಂದು ಗೆರೆ ಎಳೆದೆ, ಅದರ ಪಕ್ಕ ತಂದೆಗೆ ಇನ್ನೊಂದು. ಲೀಡ್ಸ್ ಬರುವಷ್ಟರಲ್ಲಿ ಅರ್ಧ ಬೀದಿ ಮುಗಿದಿತ್ತು.