ಹದಿಮೂರು ವಸಾಹತುಗಳ ಬೋರ್ಡ್ ಗೇಮ್: ನೂಲು ಬಂದ ಮೇಲೆ ಆಟಕ್ಕೆ ಜೀವ ಬಂತು

ಅಮೆರಿಕದ ಕ್ರಾಂತಿಯ ಬಗ್ಗೆ ನಾನು ಮಾಡುತ್ತಿರುವ ಬೋರ್ಡ್ ಗೇಮ್ ಈಗ ಕೂತು ಆಡುವ ಹಂತಕ್ಕೆ ಬಂದಿದೆ. ನಕಾಶೆ ಮುಗಿದಿದೆ. ಕಾರ್ಡುಗಳೂ ಮುಕ್ಕಾಲು ಪಾಲು ಸಿದ್ಧ. ಆಟ 1763ರಲ್ಲಿ, ಅಮೆರಿಕದ ಹದಿಮೂರು ವಸಾಹತುಗಳು ಇನ್ನೂ ಬ್ರಿಟನ್ ಕೈಯಲ್ಲಿದ್ದಾಗ ಶುರುವಾಗಿ, ಅವು ಸ್ವಾತಂತ್ರ್ಯ ಘೋಷಿಸಿದ 1776ರ ಜುಲೈಗೆ ಮುಗಿಯುತ್ತದೆ. ಯುದ್ಧವನ್ನು ಯಾರು ಹೇಗೆ ಗೆದ್ದರು ಅನ್ನುವುದು ಇದರಲ್ಲಿ ಇಲ್ಲ. ದೊರೆಗೆ ನಿಷ್ಠರಾಗಿದ್ದ ಜನ ಹದಿಮೂರೇ ವರ್ಷದಲ್ಲಿ ದೊರೆಯೇ ಬೇಡ ಅನ್ನುವಲ್ಲಿಗೆ ಹೇಗೆ ಬಂದರು? ನನಗೆ ಬೇಕಾಗಿದ್ದು ಅಷ್ಟು.

ಬ್ರಿಟನ್ ಪರ ಆಡುವವರ ತಲೆ ಮೇಲೆ ಮೊದಲೇ ಸಾಲ ಇರುತ್ತದೆ. ಫ್ರಾನ್ಸ್ ಜೊತೆ ಏಳು ವರ್ಷ ನಡೆದ ಯುದ್ಧ ಗೆದ್ದರೂ ಅವರ ಸಾಲ ಹೆಚ್ಚು ಕಡಿಮೆ ಎರಡರಷ್ಟಾಗಿತ್ತು. ಹಾಗಾಗಿ ವಸಾಹತುಗಳಿಂದ ದುಡ್ಡು ಎತ್ತಬೇಕು. 1764ರ ಸಕ್ಕರೆ ಕಾಯ್ದೆ ನನಗೆ ತುಂಬಾ ಇಷ್ಟವಾದ ಕಾರ್ಡು. ಕಾಕಂಬಿಯ ಮೇಲಿನ ಸುಂಕ ಗ್ಯಾಲನ್‌ಗೆ 6 ಪೆನ್ಸ್‌ನಿಂದ 3 ಪೆನ್ಸ್‌ಗೆ ಇಳಿಯುತ್ತದೆ, ಆದರೂ ಜನರ ಸಿಟ್ಟು ಏರುತ್ತದೆ! ಹಳೆ ಸುಂಕವನ್ನು ಯಾರೂ ಸರಿಯಾಗಿ ಕಟ್ಟುತ್ತಿರಲಿಲ್ಲ. ಹೊಸದನ್ನು ನಿಜವಾಗಿಯೂ ವಸೂಲಿ ಮಾಡಲು ಹೊರಟರು.

ಸಿಟ್ಟಿಗೆ ಗುಲಗಂಜಿ ಇಟ್ಟಿದ್ದೇನೆ. 1765ರ ಸ್ಟ್ಯಾಂಪ್ ಕಾಯ್ದೆ ಬಂದಾಗ ನಕಾಶೆ ತುಂಬಾ ಗುಲಗಂಜಿ. ಪತ್ರಿಕೆ, ಕೋರ್ಟಿನ ಕಾಗದ, ಇಸ್ಪೀಟು ಎಲೆ, ಎಲ್ಲಕ್ಕೂ ತೆರಿಗೆ. ಪೆಟ್ಟು ಬಿದ್ದಿದ್ದು ವಕೀಲರು, ಮುದ್ರಕರು, ವ್ಯಾಪಾರಿಗಳ ಮೇಲೆ, ಅಂದರೆ ಊರಲ್ಲಿ ಮಾತು ನಡೆಯುವವರ ಮೇಲೆ. ಬಾಸ್ಟನ್‌ನಲ್ಲಿ ಸ್ಟ್ಯಾಂಪ್ ಮಾರಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರ್ ಅವರ ಪ್ರತಿಕೃತಿಯನ್ನು ಆಗಸ್ಟ್ 14ರಂದು ಮರಕ್ಕೆ ನೇತು ಹಾಕಿದರು. ಮಾರ್ಚ್ 1766ರಲ್ಲಿ ಕಾಯ್ದೆ ವಾಪಸ್ಸಾಯಿತು. ಆದರೆ ಅದೇ ದಿನ, ವಸಾಹತುಗಳಿಗೆ ಯಾವ ವಿಷಯದಲ್ಲೇ ಆಗಲಿ ಕಾನೂನು ಮಾಡುವ ಹಕ್ಕು ನಮಗಿದೆ ಎಂದು ಪಾರ್ಲಿಮೆಂಟ್ ಇನ್ನೊಂದು ಕಾಯ್ದೆ ಮಾಡಿಟ್ಟುಕೊಂಡಿತು.

ಇದಕ್ಕಾಗಿಯೇ ಬ್ರಿಟನ್‌ಗೆ ‘ಗತ್ತು’ ಅಂತ ಒಂದು ಸಾಲು ಮನೆಗಳನ್ನು ಕೊಟ್ಟೆ. ತೆರಿಗೆ ವಾಪಸ್ ತೆಗೆದುಕೊಂಡರೆ ಗುಲಗಂಜಿ ಕಡಿಮೆಯಾಗುತ್ತದೆ, ಗತ್ತು ಒಂದು ಮನೆ ಹಿಂದೆ ಹೋಗುತ್ತದೆ. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಹಾಕಿದರು. ಜನ ಬ್ರಿಟಿಷ್ ಸಾಮಾನು ಕೊಳ್ಳುವುದನ್ನು ಬಿಟ್ಟರು, ಹೆಂಗಸರು ಮನೆಯಲ್ಲೇ ನೂಲು ತೆಗೆದರು. 1770ರಲ್ಲಿ ಚಹಾ ಒಂದನ್ನು ಬಿಟ್ಟು ಉಳಿದ ಸುಂಕ ರದ್ದು. ಗತ್ತು ಮತ್ತೊಂದು ಮನೆ ಹಿಂದೆ.

ಆ ಮಾರ್ಚ್ 5ರಂದು ಬಾಸ್ಟನ್‌ನಲ್ಲಿ ಸೈನಿಕರ ಗುಂಡಿಗೆ ಐವರು ಸತ್ತರು. ಗುಲಗಂಜಿಯ ರಾಶಿ ಅಲ್ಲಿ ಬೀಳಬೇಕು, ಬೀಳುತ್ತದೆ ಕೂಡ. ಆದರೂ ಮುಂದಿನ ಎರಡು ವರ್ಷ ಆಟ ತಣ್ಣಗಾಗುತ್ತದೆ. ಇತಿಹಾಸದಲ್ಲಿ ಆಗಿದ್ದೂ ಹಾಗೇ. ಸಿಟ್ಟು ಆ ಊರಲ್ಲೇ ಉಳಿದರೆ ಅದು ಗಲಾಟೆ ಅಷ್ಟೇ, ಅಲ್ವಾ?

ಅದಕ್ಕೇ ನೂಲು. ನಕಾಶೆಯನ್ನು ಥರ್ಮಾಕೋಲ್ ಮೇಲೆ ಅಂಟಿಸಿ, ವಸಾಹತಿಗೊಂದು ಗುಂಡುಪಿನ್ನು ಚುಚ್ಚಿದ್ದೇನೆ. 1772ರ ನವೆಂಬರ್‌ನಲ್ಲಿ ಸ್ಯಾಮ್ಯುಯೆಲ್ ಆಡಮ್ಸ್ ಮುಂದಾಗಿ ಬಾಸ್ಟನ್‌ನಲ್ಲಿ ಪತ್ರ ವ್ಯವಹಾರದ ಸಮಿತಿ, ಅಂದರೆ ಬೇರೆ ಊರುಗಳಿಗೆ ಪತ್ರ ಬರೆದು ಸುದ್ದಿ ಮುಟ್ಟಿಸುವ ಸಮಿತಿ ಮಾಡಿದರು. ಮುಂದಿನ ಮಾರ್ಚ್‌ನಲ್ಲಿ ವರ್ಜೀನಿಯಾದ ಸಭೆ ಎಲ್ಲ ವಸಾಹತುಗಳೂ ಇಂಥ ಸಮಿತಿ ಮಾಡಲಿ ಎಂದಿತು. ಈ ಕಾರ್ಡು ಬಿದ್ದಾಗಲೆಲ್ಲ ಎರಡು ಪಿನ್ನುಗಳ ನಡುವೆ ನೂಲು ಕಟ್ಟಬೇಕು. ನೂಲು ಇದ್ದ ಕಡೆಗೆ ಮಾತ್ರ ಗುಲಗಂಜಿ ದಾಟುತ್ತದೆ.

ಕಳೆದ ಭಾನುವಾರ ಗೆಳೆಯರ ಜೊತೆ ಆಡಿದಾಗ ಇದು ಚೆನ್ನಾಗಿ ಕಂಡಿತು. ಚಹಾ ಕಾರ್ಡು ಬಿತ್ತು. ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಮಾರಾಟವಾಗದೆ ಉಳಿದ ಚಹಾ ಅಮೆರಿಕಕ್ಕೆ ಹೋಗುತ್ತದೆ. ಬೆಲೆ ಕಡಿಮೆ, ಸುಂಕ ಹಾಗೇ ಇದೆ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್‌ನ ಜನ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಎಸೆದರು. ಬ್ರಿಟನ್ ಆಡುತ್ತಿದ್ದ ಗೆಳೆಯ, ಅದಕ್ಕೆ ಶಿಕ್ಷೆಯಾಗಿ ಬಾಸ್ಟನ್ ಬಂದರು ಮುಚ್ಚುವ ಕಾರ್ಡು ಹಿಡಿದು, ‘ಇದನ್ನ ಹಾಕಿದ್ರೆ ಎಲ್ಲರೂ ಒಂದಾಗ್ತಾರೆ, ನಾನ್ಯಾಕೆ ಹಾಕ್ಲಿ?’ ಅಂದ. ಗತ್ತಿನ ಸಾಲು ನೋಡಿದ. ಇನ್ನೊಮ್ಮೆ ಹಿಂದೆ ಸರಿದರೆ ಸೋಲು. ಸ್ವಲ್ಪ ಹೊತ್ತು ಯೋಚಿಸಿ ಹಾಕಿದ. 1774ರಲ್ಲಿ ಲಂಡನ್ನಿನಲ್ಲಿ ಕೂತಿದ್ದವರ ಇಕ್ಕಟ್ಟು ಇದೇ.

ಬಂದರು ಜೂನ್ 1ಕ್ಕೆ ಮುಚ್ಚಿತು. ನೂಲಿಲ್ಲದಿದ್ದರೆ ಬಾಸ್ಟನ್ ಹಸಿವಿನಿಂದ ಸೋಲುತ್ತದೆ. ನೂಲಿದ್ದರೆ ಕನೆಕ್ಟಿಕಟ್‌ನಿಂದ ಕುರಿ, ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬರುತ್ತದೆ. ಎರಡೂ ನಿಜವಾಗಿ ಬಂದಿದ್ದವು. ಬಂದರು ಮುಚ್ಚುವ ದಿನ ಉಪವಾಸ ಮಾಡಿ ಪ್ರಾರ್ಥಿಸೋಣ ಎಂದಿದ್ದಕ್ಕೆ ವರ್ಜೀನಿಯಾದ ಸಭೆಯನ್ನೇ ಗವರ್ನರ್ ಡನ್‌ಮೋರ್ ವಿಸರ್ಜಿಸಿದರು. ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಹನ್ನೆರಡು ವಸಾಹತುಗಳು ಸೇರಿದವು. ಜಾರ್ಜಿಯಾ ಬರಲಿಲ್ಲ. ಅಲ್ಲಿಂದ 1775ರ ಏಪ್ರಿಲ್ 19ರ ಲೆಕ್ಸಿಂಗ್ಟನ್‌ನ ಮೊದಲ ಕಾಳಗ, ಆಮೇಲೆ ದೊರೆಯೇ ಬೇಡ ಎಂದ ಥಾಮಸ್ ಪೇನ್ ಅವರ ಕಿರುಹೊತ್ತಿಗೆ, ಎಲ್ಲ ಬೇಗ ಬೇಗ ಬರುತ್ತವೆ.

ಹೈದರ್ ಅಲಿ ಕಾರ್ಡು ಯಾಕಿಲ್ಲ ಅಂತ ಒಬ್ಬರು ಕೇಳಿದರು. ಪೆನ್ಸಿಲ್ವೇನಿಯಾದವರು ಹೈದರ್ ಹೆಸರಿಟ್ಟ ಹಡಗು 1782ರಲ್ಲಿ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಹಿಡಿದಿದ್ದು ನಿಜ. ನನ್ನ ಆಟ ಅಷ್ಟು ದೂರ ಹೋಗುವುದಿಲ್ಲ.

ಬಾಕಿ ಇರುವುದು ಕಷ್ಟದ ಕೆಲಸ. 1775ರ ನವೆಂಬರ್‌ನಲ್ಲಿ ಅದೇ ಡನ್‌ಮೋರ್, ದಂಗೆಕೋರರ ಗುಲಾಮರು ಬ್ರಿಟಿಷರ ಪರ ಹೋರಾಡಿದರೆ ಬಿಡುಗಡೆ ಎಂದು ಘೋಷಿಸಿದರು. ಸುಮ್ನೆ ಬ್ರಿಟನ್ ಕೈಗೆ ಆ ಕಾರ್ಡು ಕೊಟ್ಟರೆ ಗುಲಾಮರು ಬರೀ ಕಾಯಿಗಳಾಗುತ್ತಾರೆ. ಬಿಡುಗಡೆಗಾಗಿ ಓಡಿಹೋಗಿದ್ದು ಅವರ ಸ್ವಂತ ನಿರ್ಧಾರ. ಅವರ ಪರವಾಗಿ ಆಡಲು ಇನ್ನೊಬ್ಬ ಆಟಗಾರನ ಜಾಗ ಮಾಡುತ್ತಿದ್ದೇನೆ. ಅವರಿಗೆ ಗುಲಗಂಜಿಯೂ ಗತ್ತೂ ಇರುವುದಿಲ್ಲ, ಗೆಲುವಿನ ಲೆಕ್ಕವೇ ಬೇರೆ. ಆ ನಿಯಮಗಳನ್ನು ಈಗ ಬರೆಯುತ್ತಿದ್ದೇನೆ.