ಬಿತ್ತಿದ ಬೀಜ ಎಲ್ಲಿಂದ ತರೋದು?

ಕಳೆದ ವರ್ಷ ಜುಲೈನಲ್ಲಿ ಅಪ್ಪ ಎರಡು ಎಕರೆ ಉಳ್ಳಾಗಡ್ಡಿ ಬಿತ್ತಿದ. ನಮ್ಮದು ಬಸವನ ಬಾಗೇವಾಡಿ ತಾಲ್ಲೂಕಿನ ಹಳ್ಳಿ. ಏಳು ಕಿಲೋ ಬೀಜಕ್ಕೆ 12,600 ರೂಪಾಯಿ. ಹದ ಚೆನ್ನಾಗಿತ್ತು. ಆದರೆ ಹದಿನೈದು ದಿನ ಕಳೆದರೂ ಅಲ್ಲೊಂದು ಇಲ್ಲೊಂದು ಎಳೆ, ಉಳಿದದ್ದೆಲ್ಲ ಬರೀ ಮಣ್ಣು. ಪಕ್ಕದ ಹೊಲದ ಕಾಕಾ ಅದೇ ದಿನ ಬೇರೆ ಬೀಜ ಬಿತ್ತಿದ್ದರು. ಅವರ ಹೊಲ ಹಸಿರಾಗಿತ್ತು.

"ಆಳ ಬಿದ್ದಿರ್ಬೇಕ್ರಿ, ಬಿತ್ತಿಗಿ ತಪ್ಪೈತಿ" ಅಂದರು ಅಂಗಡಿಯವರು. ನಲವತ್ತು ವರ್ಷ ಕೂರಿಗೆ ಹಿಡಿದವನಿಗೆ ಈ ಮಾತು! ಅಪ್ಪ ಸುಮ್ನೆ ಎದ್ದು ಬಂದ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮನ್ನು ಉಳಿಸಿದ್ದು ಅವ್ವ. ಖಾಲಿ ಪಾಕೀಟುಗಳನ್ನು ಒಗೆಯದೆ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದಳು. ಅದರ ಮೇಲೆ ಲಾಟ್ ನಂಬರ್ (ಬೀಜ ಯಾವ ಕಂತಿನದು ಅನ್ನೋ ಗುರುತು), ಪರೀಕ್ಷೆಯ ತಾರೀಖು, ಮೊಳಕೆ ಕನಿಷ್ಠ 70% ಎಂಬ ಮಾತು ಎಲ್ಲ ಇತ್ತು. ಬಿಲ್ಲಿನಲ್ಲಿ ಬರೆದದ್ದು "ಉಳ್ಳಾಗಡ್ಡಿ ಬೀಜ 7 ಕಿಲೋ" ಅಂತ ಅಷ್ಟೇ. ಪಾಕೀಟು ಇರದಿದ್ದರೆ ಯಾವ ಲಾಟಿನ ಬೀಜ ಅಂತ ತೋರಿಸೋಕೆ ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಮರುದಿನವೇ ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟೆವು. ಅಧಿಕಾರಿಗಳು ಹೊಲಕ್ಕೆ ಬಂದು ಸಸಿ ಎಣಿಸಿ ವರದಿ ಬರೆದರು. ಇದಕ್ಕೆ ಮಾತ್ರ ತಡ ಮಾಡಬೇಡಿ. ಹರಗಿ ಬೇರೆ ಬೆಳೆ ಹಾಕಿದ ಮೇಲೆ ಅವರು ಬಂದು ನೋಡೋದಾದರೂ ಏನನ್ನ?

ಕಂಪನಿಗೆ ರಿಜಿಸ್ಟರ್ ಪೋಸ್ಟ್ ಕಳಿಸಿದೆವು. ಉತ್ತರ ಇಲ್ಲ. ಆಮೇಲೆ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆವು. ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿದೆ. ಆದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ.

ಆಯೋಗದ ನೋಟಿಸ್ ಹೋದ ಮೇಲೆ ಕಂಪನಿ ಬಾಯಿ ಬಿಟ್ಟಿತು. ನೀವು ಮಾರೋಕೆ ಬೆಳೀತೀರಿ, ಹಾಗಾಗಿ ಗ್ರಾಹಕರೇ ಅಲ್ಲ. ಬೀಜ ಕೆಟ್ಟದ್ದು ಅನ್ನೋದಕ್ಕೆ ಲ್ಯಾಬ್ ವರದಿ ಎಲ್ಲಿ? ಇದನ್ನು ಓದಿ ನನ್ನ ಕೈಕಾಲು ತಣ್ಣಗಾದವು. ತಂದ ಬೀಜವನ್ನೆಲ್ಲ ಮಣ್ಣಿಗೆ ಹಾಕಿದ್ದೇವಲ್ಲ, ಲ್ಯಾಬಿಗೆ ಏನು ಕಳಿಸೋದು?

ನಮಗಿಂತ ಮೊದಲೇ ಆಂಧ್ರದ ರೈತರು ಇದೇ ಮಾತು ಕೇಳಿಸಿಕೊಂಡು, ಸುಪ್ರೀಂ ಕೋರ್ಟ್‌ವರೆಗೂ ನಿಂತು ಗೆದ್ದಿದ್ದಾರೆ. ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣ, 2012ರ ತೀರ್ಪು. ಹೊಟ್ಟೆಪಾಡಿಗೆ ಬೀಜ ಕೊಂಡು ಬೆಳೆಯುವ ರೈತ ಗ್ರಾಹಕನೇ ಅಂತ ಅದರಲ್ಲಿದೆ. ಪರೀಕ್ಷೆಗೆ ಅಂತ ರೈತ ಬೀಜ ತೆಗೆದಿಟ್ಟಿರಬೇಕು ಅನ್ನೋದು ಸರಿಯಲ್ಲ ಅಂತಲೂ ಇದೆ. ಅದರ ಪ್ರತಿಯನ್ನು ನಮ್ಮ ಕಾಗದಗಳ ಜೊತೆ ಸೇರಿಸಿದ್ದೇನೆ.

ಅಪ್ಪನಿಗೆ ಆ ಸಾಲುಗಳನ್ನು ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಇನ್ನೊಮ್ಮಿ ಓದವ್ವಾ" ಅಂದ. ಮುಂದಿನ ತಾರೀಖಿಗೆ ತಾನೂ ಆಯೋಗಕ್ಕೆ ಬರುತ್ತಾನಂತೆ.